ಸ್ಫೋಟಕ್ಕೆ ತಿಂಗಳ ಮುಂಚೆ ಬರೆದ ಖುಲಾಸೆ ಪತ್ರ

ಪ್ರಶ್ನೆ: ವಾಹನವನ್ನು ಸಿಡಿಸಿ ತಾನೂ ಅದರೊಳಗೇ ಮಡಿದವನೊಬ್ಬನು ಕೃತ್ಯಕ್ಕೆ ಮುನ್ನ ಪ್ರತಿಫಲವಿಲ್ಲದೆ ಪರರ ಹೆಸರಿಗೆ ಬರೆದುಕೊಟ್ಟ ಮನೆಗಳನ್ನು ಹಿಂದಕ್ಕೆ ಪಡೆದು, ಆ ಸ್ಫೋಟದಿಂದ ನಷ್ಟಪಟ್ಟವರಿಗೆ ಹಂಚತಕ್ಕದ್ದೆ? 2020ರ ಕ್ರಿಸ್‌ಮಸ್ ದಿನದ ಮುಂಜಾನೆ ಅಮೆರಿಕದ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ನಡೆದ ಕ್ಯಾರವಾನ್ ಸ್ಫೋಟವನ್ನು ನಿಮಿತ್ತವಾಗಿಟ್ಟುಕೊಂಡು ಇಬ್ಬರು ಲೇಖಕರು ಇಲ್ಲಿ ವಾದಿಸಿದ್ದಾರೆ.

ಪರ

ನವೆಂಬರ್ 25ಕ್ಕೂ ಡಿಸೆಂಬರ್ 25ಕ್ಕೂ ನಡುವೆ ಸರಿಯಾಗಿ ಒಂದು ತಿಂಗಳ ಅಂತರ. ಮೊದಲ ದಿನದಂದು ಆಂಥೋನಿ ಕ್ವಿನ್ ವಾರ್ನರ್ ಎಂಬ 63 ವರ್ಷ ವಯಸ್ಸಿನ ಕಂಪ್ಯೂಟರ್ ಕಸುಬುದಾರನು ಬೇಕರ್‌ಟೌನ್ ರಸ್ತೆಯಲ್ಲಿದ್ದ ತನ್ನ ವಾಸದ ಮನೆಯನ್ನು ದೂರದ ಊರಿನ ಒಬ್ಬ ಸ್ತ್ರೀಯ ಹೆಸರಿಗೆ ಖುಲಾಸೆ ಪತ್ರದ ಮೂಲಕ ಬಿಟ್ಟುಕೊಟ್ಟನು. ಪ್ರತಿಫಲವೆಂದು ಅದರಲ್ಲಿ ನಮೂದಾದದ್ದು ಸೊನ್ನೆ ಡಾಲರು; ಸಹಿಯಿದ್ದದ್ದು ಕೊಟ್ಟವನದು ಮಾತ್ರ. ಡಿಸೆಂಬರಿನಲ್ಲಿ, ತಾನು ಕೆಲಸ ಮಾಡಿಕೊಡುತ್ತಿದ್ದ ಸಂಸ್ಥೆಗೆ ಇನ್ನು ಬರಲಾರೆನೆಂದು ತಿಳಿಸಿದನು, ಕಾರನ್ನು ಕೊಟ್ಟುಬಿಟ್ಟನು, ನ್ಯಾಶ್‌ವಿಲ್ ಮಾತ್ರವಲ್ಲ ಲೋಕವೇ ತನ್ನನ್ನು ಮರೆಯಲಾರದೆಂಬ ಅರ್ಥದ ಮಾತನ್ನು ನೆರೆಯವನೊಡನೆ ಆಡಿದನು. ಎರಡನೆಯ ದಿನದಂದು ಏನಾಯಿತೆಂಬುದನ್ನು ವಾಚಕರು ಬಲ್ಲರು. ಇವನ್ನೆಲ್ಲ ಕ್ರಮವಾಗಿ ಜೋಡಿಸಿ ನೋಡಿದ ಮೇಲೆಯೂ ಆ ಪತ್ರವು ಕೇವಲ ಔದಾರ್ಯದಿಂದ ಹುಟ್ಟಿತೆಂದು ನಂಬುವವರ ಹೃದಯಸಾರಲ್ಯಕ್ಕೆ ನಾನು ನಮಸ್ಕರಿಸಬಲ್ಲೆನೇ ಹೊರತು ಅವರ ತರ್ಕಕ್ಕೆ ತಲೆದೂಗಲಾರೆ.

ಸಾಲಗಾರನು ತನ್ನ ಸೊತ್ತನ್ನು ಇಷ್ಟಮಿತ್ರರ ಹೆಸರಿಗೆ ದಾಟಿಸಿ ಧನಿಗಳ ಮುಂದೆ ಬರಿಗೈ ತೋರಿಸುವ ವಿದ್ಯೆ ಇಂದಿನದಲ್ಲ. ಇಂಗ್ಲೆಂಡಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿಯೇ, 1571ರಲ್ಲಿ, ಅಂಥ ಪತ್ರಗಳು ಅಸಿಂಧುವೆಂದು ಶಾಸನವಾಯಿತು. ಅದರ ಮೇಲೆ 1601ರಲ್ಲಿ ತೀರ್ಮಾನವಾದ ಟ್ವೈನ್ ಎಂಬಾತನ ಮೊಕದ್ದಮೆಯನ್ನು ಕಾನೂನು ಓದಿದವರಾರೂ ಮರೆತಿರಲಾರರು. ಪಿಯರ್ಸ್ ಎಂಬವನಿಗೆ ಇಬ್ಬರು ಧನಿಗಳು. ಒಬ್ಬನಿಗೆ 400 ಪೌಂಡು, ಇನ್ನೊಬ್ಬನಿಗೆ 200 ಪೌಂಡು ಸಲ್ಲಬೇಕು. ಆತನ ಬಳಿ ಇದ್ದ ಚರಾಸ್ತಿಯ ಬೆಲೆಯೋ 300. ಎರಡನೆಯ ಧನಿಯು ದಾವಾ ಹೂಡಿರಲಾಗಿ ಪಿಯರ್ಸನು ಇದ್ದದ್ದೆಲ್ಲವನ್ನೂ ಗುಟ್ಟಾಗಿ ಮೊದಲನೆಯವನಾದ ಟ್ವೈನನಿಗೆ ಬರೆದುಕೊಟ್ಟನು. ಕೊಟ್ಟ ಮೇಲೆಯೂ ಕುರಿಗಳನ್ನು ತಾನೇ ಇಟ್ಟುಕೊಂಡು, ತಾನೇ ಉಣ್ಣೆ ಕತ್ತರಿಸಿ, ತಾನೇ ಅವಕ್ಕೆ ತನ್ನ ಗುರುತು ಹಾಕಿದನು. ಮನಸ್ಸಿನೊಳಗಣ ವಂಚನೆಯನ್ನು ಕಣ್ಣಾರೆ ಕಂಡವರಿಲ್ಲವಾದ್ದರಿಂದ ಅದರ ಹೊರಚಿಹ್ನೆಗಳನ್ನು ನೋಡಬೇಕೆಂದು ನ್ಯಾಯಾಧೀಶರು ಆಗ ವಿಧಿಸಿದರು: ಕೊಟ್ಟದ್ದು ಸರ್ವಸ್ವವೆ, ಗುಟ್ಟಾಗಿ ಕೊಟ್ಟದ್ದೆ, ಕೊಟ್ಟ ಮೇಲೆಯೂ ಸ್ವಾಧೀನವನ್ನು ಉಳಿಸಿಕೊಂಡದ್ದುಂಟೆ?

ಇದೇ ಅಳತೆಗೋಲನ್ನು ಬೇಕರ್‌ಟೌನ್ ರಸ್ತೆಗೆ ಕೊಂಡೊಯ್ಯಿರಿ. ಪತ್ರ ಬರೆದ ಮೇಲೆಯೂ ವಾರ್ನರನು ಅದೇ ಮನೆಯಲ್ಲಿದ್ದನು. ಬೇಲಿಯೊಳಗೆ ನಿಂತಿದ್ದ ಕ್ಯಾರವಾನ್ ಅಲ್ಲಿಂದ ಹೊರಟದ್ದು ಕೃತ್ಯದ ಹೊತ್ತಿಗೆ. ಮನೆಯನ್ನು ಪಡೆದಾಕೆ ತನಗೆ ಆ ಪತ್ರದ ಸುದ್ದಿಯೇ ಗೊತ್ತಿರಲಿಲ್ಲವೆಂದು ಹೇಳಿದಳೆಂಬುದಾಗಿ ಪತ್ರಿಕೆಗಳು ಬರೆದವು. ಅದು ನಿಜವಾದರೆ ಆಕೆಯ ನಿರ್ದೋಷತ್ವಕ್ಕೆ ಸಾಕ್ಷಿ, ಕೊಟ್ಟವನ ಗುಟ್ಟಿಗೂ ಸಾಕ್ಷಿ. ಸಿಡಿದ ಲೋಹದ ಚೂರಿನಿಂದ ವಾಹನದ ಗುರುತಿನ ಸಂಖ್ಯೆಯನ್ನು ಓದಿ, ದೊರೆತ ದೇಹಾವಶೇಷದ ಡಿಎನ್‌ಎಯನ್ನು ಅವನ ಕೈಗವಸಿನ ಡಿಎನ್‌ಎಯೊಡನೆ ಹೋಲಿಸಿ ಎರಡೇ ದಿನದಲ್ಲಿ ಕರ್ತನ ಹೆಸರನ್ನು ಹೇಳಿದ ತನಿಖಾಧಿಕಾರಿಗಳಿಗೆ, ನೋಂದಣಿ ಕಚೇರಿಯ ಒಂದು ಹಾಳೆಯಿಂದ ಅವನ ಅಭಿಪ್ರಾಯವನ್ನು ಓದುವುದು ಅಸಾಧ್ಯವೆಂದರೆ ನಗಬೇಕೋ ಅಳಬೇಕೋ ತಿಳಿಯದು.

ಮತ್ತೊಂದು ಮಾತು, ನನ್ನ ವಾದದ ಬಲವೆಲ್ಲ ಅದರಲ್ಲಿಯೇ ಇದೆ. ವಾರ್ನರನು ಖುಲಾಸೆ ಪತ್ರಕ್ಕೆ ಬದಲು ಉಯಿಲನ್ನು ಬರೆದಿಟ್ಟು ಸತ್ತಿದ್ದರೆ ಏನಾಗುತ್ತಿತ್ತು? ಮೃತನ ಸೊತ್ತಿನಿಂದ ಮೊದಲು ತೀರಬೇಕಾದದ್ದು ಆತನ ಋಣ, ಉಳಿದದ್ದು ಉಯಿಲಿನವರಿಗೆ. ಇದು ಅಲ್ಲಿಯೂ ನಿಯಮ, ಇಲ್ಲಿಯೂ ನಿಯಮ. ಮಗನು ತಂದೆಯ ಸಾಲವನ್ನು ತೀರಿಸದೆ ಪಾಲಿಗೆ ಕೈಚಾಚಬಾರದೆಂದು ನಮ್ಮ ಹಿರಿಯರು ವಿಧಿಸಿದ್ದುದೂ ಇದೇ ನ್ಯಾಯದ ಮೇಲೆ. ಸಾಯುವ ದಿನವನ್ನೂ ಸ್ಥಳವನ್ನೂ ತಾನೇ ಗೊತ್ತುಮಾಡಿಕೊಂಡವನಿಗೆ ಜೀವಂತಿಕೆಯ ದಾನಪತ್ರವೂ ಮರಣಶಾಸನವೂ ಒಂದೇ. ಹಾಗಿರಲು, ಕೇವಲ ಕಾಗದದ ಹೆಸರು ಬೇರೆಯಾಯಿತೆಂಬ ಕಾರಣದಿಂದ ಒಂದು ಬೀದಿಯ ಅಂಗಡಿಕಾರರೆಲ್ಲರೂ ನಷ್ಟಕ್ಕೆ ಬೀಳತಕ್ಕದ್ದೆ? ಅಂದು ಜಖಂಗೊಂಡ ಕಟ್ಟಡಗಳು 40ಕ್ಕೂ ಮಿಕ್ಕು; ಅವುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆ ಗೋಡೆಗಳು, ಮೇಲಂತಸ್ತುಗಳಲ್ಲಿ ಬಾಡಿಗೆಗಿದ್ದ ಸಂಸಾರಗಳು.

ಕೃತ್ಯಕ್ಕೆ ಮುಂಚೆ ಬರೆದ ಪತ್ರವಾದ್ದರಿಂದ ಆ ಹೊತ್ತಿಗೆ ಧನಿಗಳೇ ಇರಲಿಲ್ಲವೆಂಬ ಆಕ್ಷೇಪವನ್ನು ನಾನು ಬಲ್ಲೆ. ಸಾಲವು ಪತ್ರಕ್ಕೆ ಮುಂಚಿನದಾದರೂ ಹಿಂಚಿನದಾದರೂ ವಂಚನೆಯ ವರ್ಗಾವಣೆ ನಿಲ್ಲದೆಂದು ಟೆನೆಸೀ ರಾಜ್ಯದ ಶಾಸನವೇ ಹೇಳುತ್ತದೆ. ಸತ್ತವನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯದಲ್ಲಾ ಎಂಬುದೂ ನನ್ನ ದಾರಿಗೆ ಅಡ್ಡವಲ್ಲ: ನಾನು ಕೇಳುತ್ತಿರುವುದು ಶಿಕ್ಷೆಯನ್ನಲ್ಲ, ಸಿವಿಲ್ ನ್ಯಾಯಸ್ಥಾನದ ಒಂದು ಡಿಕ್ರಿಯನ್ನು. ಪಡೆದಾಕೆ ನಿರ್ದೋಷಿಯೆಂಬುದನ್ನು ನಾನೂ ಒಪ್ಪುತ್ತೇನೆ; ಆದರೆ ಸದ್ಭಾವದಿಂದ ಬೆಲೆ ಕೊಟ್ಟು ಕೊಂಡವನನ್ನು ಕಾಪಾಡುವ ಕಾನೂನು (ನಮ್ಮ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 53ನೆಯ ಪ್ರಕರಣವೂ ಇದನ್ನೇ ಹೇಳುತ್ತದೆ) ಪುಕ್ಕಟೆಯಾಗಿ ಪಡೆದವನಿಗೆ ಆ ರಕ್ಷೆಯನ್ನು ಕೊಟ್ಟಿಲ್ಲ. ಒಂದು ಕಾಸೂ ಕೊಡದವಳು ಮನೆಯನ್ನು ಹಿಂದಿರುಗಿಸಿದರೆ ಕಳೆದುಕೊಂಡದ್ದೇನು?

ವಿರೋಧ

ಸಂಪಾದಕರು ಅವಸರಪಡಿಸಿದ್ದರಿಂದಲೂ, ಎದುರು ಪಕ್ಷದ ಮಿತ್ರರಂತೆ ಟ್ವೈನನ ಕುರಿಗಳವರೆಗೆ ಹೋಗಿಬರುವ ವಿರಾಮ ನನಗಿಲ್ಲದ್ದರಿಂದಲೂ, ಹೇಳಬೇಕಾದದ್ದನ್ನು ಅಂಶಾಂಶವಾಗಿ ಹೇಳಿ ಮುಗಿಸುತ್ತೇನೆ.

ಮೊದಲನೆಯದಾಗಿ, ಉದ್ದೇಶ. ಎಫ್‌ಬಿಐ 2021ರ ಮಾರ್ಚಿನಲ್ಲಿ ಪ್ರಕಟಿಸಿದ ನಿರ್ಣಯದಂತೆ ವಾರ್ನರನು ಒಬ್ಬನೇ ಈ ಕಾರ್ಯವನ್ನು ಮಾಡಿದನು, ಇದು ಭಯೋತ್ಪಾದನೆಯಲ್ಲ, ತನ್ನ ಪ್ರಾಣವನ್ನು ಕಳೆದುಕೊಳ್ಳುವುದು ಅವನ ಇಚ್ಛೆಯಾಗಿತ್ತು, ವಿಚಿತ್ರವಾದ ಪಿತೂರಿಯ ಕಲ್ಪನೆಗಳೂ ಶಂಕಾಗ್ರಸ್ತತೆಯೂ ಸಡಿಲಗೊಂಡ ಸಂಬಂಧಗಳೂ ಅವನನ್ನು ಅಲ್ಲಿಗೆ ನೂಕಿದವು. ಸ್ಫೋಟಕ್ಕೆ ಮೊದಲು ಜನರು ದೂರ ಸರಿಯಬೇಕೆಂಬ ಧ್ವನಿಮುದ್ರಿತ ಎಚ್ಚರಿಕೆಯನ್ನು ಆ ವಾಹನವೇ ಸಾರುತ್ತಿತ್ತು, ಆರು ಮಂದಿ ಪೊಲೀಸರು ಬಾಗಿಲು ಬಾಗಿಲಿಗೂ ಹೋಗಿ ನಿವಾಸಿಗಳನ್ನು ಎಬ್ಬಿಸಿದರು, ಸತ್ತವನು ವಾರ್ನರನೊಬ್ಬನೇ. ಇಂಥವನು ಮುಂದೊಂದು ದಿನ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವಾ ಬಂದೀತೆಂದು ಲೆಕ್ಕಹಾಕಿ ಮನೆಯನ್ನು ಬಚ್ಚಿಟ್ಟನೆಂದು ಹೇಳುವುದು, ಅವನಲ್ಲಿ ಇರದಿದ್ದ ವ್ಯವಹಾರಜ್ಞಾನವನ್ನು ಅವನಿಗೆ ಆರೋಪಿಸಿದಂತೆ.

ಎರಡನೆಯದಾಗಿ, ಪತ್ರಗಳು ಎರಡಿವೆ. ಇನ್ನೊಂದು ಮನೆಯನ್ನು ಅದೇ ಸ್ತ್ರೀಗೆ ಬರೆದುಕೊಟ್ಟದ್ದು 2019ರ ಜನವರಿಯಲ್ಲಿ, ಸ್ಫೋಟಕ್ಕೆ ಸುಮಾರು ಎರಡು ವರ್ಷಗಳ ಮೊದಲು. ಎದುರು ಪಕ್ಷದವರು ಇದರ ವಿಷಯದಲ್ಲಿ ಒಂದಕ್ಷರವನ್ನೂ ನುಡಿಯಲಿಲ್ಲ. ಅವರು ಕೇಳುವ ತತ್ತ್ವವನ್ನು ಒಪ್ಪಿಕೊಂಡರೆ, ಕೊಟ್ಟವನು ಮುಂದೆ ಏನು ಮಾಡಿಯಾನೋ ಎಂಬ ಭಯದಿಂದ ಯಾವ ದಾನವನ್ನೂ ಯಾರೂ ನೆಮ್ಮದಿಯಿಂದ ಇಟ್ಟುಕೊಳ್ಳುವಂತಿಲ್ಲ.

ಮೂರನೆಯದಾಗಿ, ಆ ಸ್ತ್ರೀ. ಭೂದಾಖಲೆಗಳು ಸಾರ್ವಜನಿಕವಾದ್ದರಿಂದ ಆಕೆಯ ಹೆಸರು ಒಂದೆರಡು ದಿನಗಳಲ್ಲಿಯೇ ಪತ್ರಿಕೆಗಳ ಪಾಲಾಯಿತು. ಯಾವ ಆರೋಪವೂ ಇಲ್ಲದವಳನ್ನು ಇನ್ನು ಪ್ರತಿವಾದಿಯಾಗಿಯೂ ನಿಲ್ಲಿಸಬೇಕೆ? ಏನೂ ಕಳೆದುಕೊಳ್ಳಳೆಂದು ಬರೆಯುವುದು ಸುಲಭ. ವಕೀಲರ ಶುಲ್ಕವನ್ನು ಕೊಟ್ಟವರಿಗೆ ಅದರ ಕಷ್ಟ ಗೊತ್ತು.

ನಾಲ್ಕನೆಯದಾಗಿ, ಹಣ ಯಾರ ಕೈಸೇರುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡೂ ಮನೆಗಳ ಬೆಲೆ ಸೇರಿ ನಾಲ್ಕು ಲಕ್ಷ ಡಾಲರಿನ ಆಸುಪಾಸೆಂದು ಆಗ ವರದಿಯಾಯಿತು. ಇತ್ತ ನಷ್ಟವೋ, ಬೀದಿಯುದ್ದಕ್ಕೂ ಹರಡಿದ್ದು. ಸಾಲದ್ದಕ್ಕೆ ಕ್ಯಾರವಾನ್ ಸಿಡಿದದ್ದು ಎಟಿ ಅಂಡ್ ಟಿ ಸಂಸ್ಥೆಯ ದೂರವಾಣಿ ಕಟ್ಟಡದ ಮುಂದೆ, ಅದರಿಂದ ಟೆನೆಸೀ, ಕೆಂಟಕಿ, ಅಲಬಾಮಾಗಳಲ್ಲಿ ದಿನಗಟ್ಟಲೆ ಸಂಪರ್ಕವೇ ಕಡಿದು, ತುರ್ತು ಕರೆಗಳೂ ಅಡಚಣೆಗೊಂಡು, ನ್ಯಾಶ್‌ವಿಲ್‌ನಿಂದ ವಿಮಾನಗಳು ಕೆಲಕಾಲ ಏಳದೆ ನಿಂತವು. ವಿಮೆಯ ಹಣವನ್ನು ಕೊಟ್ಟ ಕಂಪನಿಯು ವಿಮೆ ಪಡೆದವನ ಹಕ್ಕಿನ ಸ್ಥಾನದಲ್ಲಿ ತಾನು ನಿಂತು ವಸೂಲಿಗೆ ಬರುವುದು ಬಹುತೇಕ ದೇಶಗಳ ಪದ್ಧತಿ. ಆದಕಾರಣ ಮನೆಗಳನ್ನು ಹರಾಜಿಗಿಟ್ಟ ದಿನ ಸಾಲಿನ ಮುಂದೆ ನಿಲ್ಲುವವರು ಮೇಲಂತಸ್ತಿನ ಬಾಡಿಗೆದಾರರಲ್ಲ. ದೊಡ್ಡ ದೂರವಾಣಿ ಸಂಸ್ಥೆಯೂ ದೊಡ್ಡ ವಿಮಾ ಸಂಸ್ಥೆಗಳೂ. ಬಡ ಅಂಗಡಿಕಾರನ ಹೆಸರಿನಲ್ಲಿ ಬರೆದ ಕಣ್ಣೀರಿನ ಅರ್ಜಿಯ ಫಲವು ಅವರ ಲೆಕ್ಕಪುಸ್ತಕದಲ್ಲಿ ಒಂದು ಸಾಲಾಗಿ ಕರಗಿಹೋದೀತು. ವಿಮೆಯಿಲ್ಲದವರೂ ಇದ್ದರೆಂಬುದು ನಿಜ. ಅವರ ಪಾಲಿಗೆ ಈ ವಾದ ಅನ್ವಯಿಸದೆಂಬುದನ್ನು ನಾನು ಒಪ್ಪಲೇಬೇಕು.

ಐದನೆಯದಾಗಿ, ಸರಕಾರದ ಹೊಣೆ. 2019ರ ಆಗಸ್ಟಿನಲ್ಲಿಯೇ ವಾರ್ನರನ ಗೆಳತಿಯು, ಅವನು ಕ್ಯಾರವಾನಿನಲ್ಲಿ ಬಾಂಬು ಮಾಡುತ್ತಿರುವನೆಂದು ಪೊಲೀಸರಿಗೆ ತಿಳಿಸಿದ್ದಳು. ಪೊಲೀಸರು ಬೇಕರ್‌ಟೌನ್ ರಸ್ತೆಯ ಆ ಮನೆಗೆ ಹೋಗಿ ಬಾಗಿಲು ತಟ್ಟಿದರು. ಒಳಗಿನಿಂದ ಉತ್ತರ ಬರಲಿಲ್ಲ. ಬೇಲಿಯಾಚೆಯ ಕ್ಯಾರವಾನಿನ ಒಳಗನ್ನು ನೋಡಲಾಗದೆ ಹಿಂದಿರುಗಿದರು. ಅಲ್ಲಿಂದ ಮುಂದೆ ಹದಿನಾರು ತಿಂಗಳು ಕಳೆದವು. ಹೀಗಿರುವಾಗ ನಷ್ಟಪಟ್ಟವರು ಪರಿಹಾರಕ್ಕೆ ಎದುರುನೋಡಬೇಕಾದ ಬಾಗಿಲು ಯಾವುದೆಂದು ನಾನು ಕೇಳುತ್ತೇನೆ.

ಉಯಿಲಿನ ವಾದವೊಂದು ಉಳಿಯಿತು. ಅದಕ್ಕೆ ಸರಿಯಾದ ಉತ್ತರವನ್ನು ಎರಡು ರಾತ್ರಿ ಯೋಚಿಸಿದರೂ ನನ್ನಿಂದ ಕಂಡುಕೊಳ್ಳಲಾಗಲಿಲ್ಲ. ಸಾವನ್ನು ಗೊತ್ತುಮಾಡಿಕೊಂಡು ತಿಂಗಳೊಪ್ಪತ್ತಿನೊಳಗೆ ಬರೆದ ಪತ್ರವು ಉಯಿಲಿಗೆ ಸಮಾನವೆಂಬುದನ್ನು ನಿರಾಕರಿಸುವುದು ಕಷ್ಟವೇ. ನ್ಯಾಯಸ್ಥಾನವು ನವೆಂಬರಿನ ಪತ್ರವನ್ನು ರದ್ದುಮಾಡಿದರೆ ನಾನು ಗಟ್ಟಿಯಾಗಿ ಪ್ರತಿಭಟಿಸಲಾರೆ. 2019ರ ಜನವರಿಯ ಪತ್ರದ ತಂಟೆಗೆ ಹೋಗಬಾರದು, ಮತ್ತು ಬಂದ ಹಣವನ್ನು ವಿಮೆಯಿಲ್ಲದವರಿಗೆ ಮೊದಲು ಕೊಡಬೇಕು. ಇವೆರಡು ಷರತ್ತುಗಳಿಗೆ ಎದುರು ಪಕ್ಷದವರು ಒಪ್ಪುವುದಾದರೆ, ನಮ್ಮಿಬ್ಬರ ನಡುವೆ ವ್ಯಾಜ್ಯಕ್ಕೆ ಏನೂ ಉಳಿಯದು.