ಆ ಹುಡುಗಿಯ ಹೆಸರೇನಿತ್ತು?

ಕಳೆದ ಶನಿವಾರ ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಐದಾರು ಕನ್ನಡದ ಗೆಳೆಯರು ಸೇರಿ 'ದಿ ಸೆಂಟ್ ಆಫ್ ಗ್ರೀನ್ ಪಪಾಯ' ನೋಡಿದೆವು. 1993ರ ವಿಯೆಟ್ನಾಮಿ ಸಿನಿಮಾ. ಮುಗಿದ ಮೇಲೆ ಎಲ್ಲರದೂ ಒಂದೇ ಮಾತು: "ಎಷ್ಟು ಶಾಂತವಾಗಿದೆ!" ಆ ಮಾತಿಗೇ ನನ್ನ ತಕರಾರು.

1951ರ ಸೈಗಾನ್. ಹತ್ತು ವರ್ಷದ ಮುಯ್ ಒಂದು ಮನೆಗೆ ಕೆಲಸಕ್ಕೆ ಬರುತ್ತಾಳೆ. ನೆಲ ಒರೆಸುತ್ತಾಳೆ, ಹಿರಿಯ ಕೆಲಸದಾಕೆಯಿಂದ ಅಡುಗೆ ಕಲಿಯುತ್ತಾಳೆ, ಮನೆಯ ಕಿರಿಮಗನ ಕಾಟ ಸಹಿಸುತ್ತಾಳೆ. ನಡುವೆ ಇರುವೆಗಳನ್ನು, ಪಪ್ಪಾಯಿ ಗಿಡದಿಂದ ತೊಟ್ಟಿಕ್ಕುವ ಬಿಳಿ ಹಾಲನ್ನು ನೋಡುತ್ತ ನಿಲ್ಲುತ್ತಾಳೆ. ಹತ್ತು ವರ್ಷದ ನಂತರ ಒಬ್ಬ ಪಿಯಾನೊ ವಾದಕನ ಮನೆಯಲ್ಲಿ ಅದೇ ಚಾಕರಿ. ಅವನು ನಿಶ್ಚಯವಾದ ಹುಡುಗಿಯನ್ನು ಬಿಟ್ಟು ಇವಳಿಗೆ ಒಲಿಯುತ್ತಾನೆ.

ಸಿನಿಮಾ ಸುಂದರವಾಗಿದೆ, ಒಪ್ಪಿದೆ. ಆದರೆ ಮುಯ್‌ಳ ಮೌನ ಅವಳ ಸ್ವಭಾವವೆಂದು ನಾವು ಯಾಕೆ ನಂಬಬೇಕು? ಎದುರು ಮಾತಾಡಿದರೆ ಊರಿಗೆ ವಾಪಸ್ ಎಂದು ಗೊತ್ತಿರುವ ಕೂಸಿಗೆ ಮೌನವೇ ನೌಕರಿಯ ಷರತ್ತು. ಅಕ್ಷರವಾದರೂ ಅವಳಿಗೆ ಸಿಗುವುದು ಯಾವಾಗ? ಒಡೆಯ ಒಲಿದ ಮೇಲೆ. ಕಲಿಯುವ ಹಕ್ಕು ಇಲ್ಲಿ ಪ್ರೀತಿಯ ಉಡುಗೊರೆಯಾಗಿ ಬರುತ್ತದೆ, ನಾವು ಕಣ್ಣೊರೆಸಿಕೊಳ್ಳುತ್ತೇವೆ.

"ಸಿನಿಮಾ ಅಂದರೆ ಸಮೀಕ್ಷಾ ವರದಿ ಅಲ್ಲಪ್ಪಾ," ಅಂದ ಒಬ್ಬ ಗೆಳೆಯ. ನಿಜ. ನಿರ್ದೇಶಕ ಟ್ರಾನ್ ಆನ್ ಹುಂಗ್ ಕೆಲಸದ ಹುಡುಗಿಯನ್ನು ಕತೆಯ ನಡುಮಧ್ಯೆ ಕೂರಿಸಿದ, ಅವಳಿಗೆ ಹೆಸರು ಕೊಟ್ಟ. ನಾವು ಅಷ್ಟನ್ನೂ ಮಾಡಿಲ್ಲ.

ಆತ ಬಾಲ್ಯದಲ್ಲೇ ದೇಶ ಬಿಟ್ಟವನು. ಸಿನಿಮಾದ ಸೈಗಾನ್ ಕೂಡ ಸೈಗಾನ್ ಅಲ್ಲ, ಪ್ಯಾರಿಸ್ ಹತ್ತಿರದ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಊರು ಬಿಟ್ಟ ನಾವೂ ಇಂಥ ಪತ್ರಿಕೆಗಳಲ್ಲಿ ಅಂಥದೇ ಸೆಟ್ ಕಟ್ಟುತ್ತೇವೆ: ಹಿತ್ತಲು, ಬಾವಿಕಟ್ಟೆ, ರುಬ್ಬುಗುಂಡು. ಆ ಗುಂಡು ತಿರುವಿದವರು ಯಾರು?

ಎಂಬತ್ತರ ದಶಕದಲ್ಲಿ ಧಾರವಾಡದ ನಮ್ಮ ಮನೆಯಲ್ಲೂ ಒಬ್ಬ ಹುಡುಗಿ ಇದ್ದಳು. ನಾನು ಸಾಲಿಗೆ ಹೋಗುವಾಗ ನನ್ನ ಬೂಟು ಒರೆಸಿ ಕೊಡುತ್ತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿದ್ದಿರಬೇಕು. "ಏ ಹುಡುಗಿ" ಅನ್ನುತ್ತಿದ್ದೆವು. ಸಿನಿಮಾ ಮುಗಿದ ರಾತ್ರಿ ಅವ್ವನಿಗೆ ಫೋನ್ ಹಚ್ಚಿ ಅವಳ ಹೆಸರು ಕೇಳಿದೆ. ಅವ್ವ ಬಹಳ ಹೊತ್ತು ಯೋಚಿಸಿದಳು. "ನೆನಪಾಗವಲ್ದು ನೋಡಪಾ. ಭಾಳ ಶಾಂತ ಹುಡುಗಿ ಇದ್ಲು."

ಅದೇ ಮಾತು. ಶಾಂತ.

ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿ ಕೂಸು ಆಡಿಸಲು ಬಂದ ಒಬ್ಬ ಹುಡುಗಿ ಇದ್ದಾಳೆ. ವಯಸ್ಸು ಕೇಳಿದರೆ ಮನೆಯವರು "ಹದಿನೈದು" ಅಂತಾರೆ. ಲಿಫ್ಟಿನಲ್ಲಿ ಅವಳ ತಲೆ ನನ್ನ ಮೊಳಕೈಗೆ ಬರುತ್ತದೆ. ಎರಡನೇ ಸಲ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ನೆರೆಹೊರೆಯವರ ಜೊತೆ ನಿಷ್ಠುರ ಯಾಕೆ ಅಂತ.

ವಿಯೆಟ್ನಾಮಿನ ಹುಡುಗಿಗಾಗಿ ಕಣ್ಣು ತುಂಬಿಕೊಳ್ಳುವ ನಮಗೆ ಮೂರನೇ ಮಹಡಿ ದೂರವಾಗಿದೆ. ಮುಂದಿನ ಸಲ ಈ ಪತ್ರಿಕೆಗೆ ಊರ ಮನೆಯ ಬಗ್ಗೆ ಬರೆಯುವವರು ಮೊದಲು ಆ ಮನೆಯ ಕೆಲಸದ ಹುಡುಗಿಯ ಹೆಸರು ಬರೆಯಿರಿ. ನೆನಪಿಲ್ಲದಿದ್ದರೆ, ನೆನಪಿಲ್ಲ ಅಂತಲೇ ಬರೆಯಿರಿ. ನಾನು ಈ ಭಾನುವಾರ ಮೂರನೇ ಮಹಡಿಯ ಬಾಗಿಲು ತಟ್ಟುತ್ತೇನೆ. ಉತ್ತರ ಸರಿ ಬರದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ನಿಷ್ಠುರವಾದರೆ ಆಗಲಿ.