ಐತಿಹಾಸಿಕ ಕಾದಂಬರಿ: ಯಾರ ಕೈಗೆ ಯಾವುದು?

ಬೇಸಿಗೆಯ ಸೂಟಿ ಹತ್ತಿರವಾದಂತೆ ನಮ್ಮ ಶಾಲೆಯ ಪುಸ್ತಕದ ಕಪಾಟಿನೆದುರು ಕೆಲವು ಪಾಲಕರು ಬಂದು ನಿಲ್ಲುವುದುಂಟು. ಈ ಸಲ ಏಳನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನ ತಾಯಿ ಬಂದಿದ್ದರು. "ಗುರುಗಳ, ಹುಡುಗಗ ಇತಿಹಾಸದ ಕಥಿ ಅಂದ್ರ ಜೀವ. ನಮ್ಮ ಮಾವನೋರಿಗೂ ಹಂಗ, ಆದ್ರ ಅವರಿಗೆ ಕಣ್ಣು ಮಂಜಾಗ್ಯಾವ. ಇಬ್ಬರಿಗೂ ಆಗೋವಂಥದ್ದು ಒಂದು ಕೊಡ್ರಿ. ನಾನs ಓದಿ ಹೇಳತಿದ್ದೆ, ನನ್ನ ಸಾಲಿ ಸೊಲ್ಲಾಪುರದಾಗ ಮರಾಠಿಯೊಳಗ ಆತು. ಕನ್ನಡ ಮಾತಾಡಲಿಕ್ಕೆ ಬರ್ತದ, ಓದಲಿಕ್ಕೆ ಬರೂದಿಲ್ಲ" ಎಂದರು. ಕೊನೆಯ ಮಾತನ್ನು ಹೇಳುವಾಗ ಅವರ ಧ್ವನಿ ತಗ್ಗಿತ್ತು.

ಗಡಿನಾಡಿನ ನಮ್ಮ ಮನೆಗಳಲ್ಲಿ ಇಂಥ ತಾಯಂದಿರು ಅನೇಕರು. ಅವರ ಮಕ್ಕಳು ನಾಲ್ಕನೆಯ ಇಯತ್ತೆಯಲ್ಲಿ ಶಿವಛತ್ರಪತಿಗಳ ಚರಿತ್ರೆಯನ್ನು ಓದುತ್ತಾರೆ. ಪ್ರತಾಪಗಡ, ರಾಯಗಡಗಳ ಹೆಸರು ಅವರ ನಾಲಗೆಯ ತುದಿಯಲ್ಲಿರುತ್ತದೆ. ಅದು ಆಗಬೇಕಾದದ್ದೇ. ಆದರೆ ಚಿತ್ರದುರ್ಗ ಯಾವ ದಿಕ್ಕಿಗಿದೆ, ಬಿದನೂರಿನಲ್ಲಿ ಯಾರು ಆಳಿದರು ಎಂದರೆ ಮಕ್ಕಳು ಮುಖ ಮುಖ ನೋಡುತ್ತಾರೆ. ಈ ಕೊರತೆಯನ್ನು ತುಂಬಲು ಕಾದಂಬರಿಯಷ್ಟು ಸುಲಭವಾದ ಸಾಧನವನ್ನು ನಾವು ಬೇರೆ ಕಂಡಿಲ್ಲ.

ಇದು ಹೊಸ ವಿಚಾರವೇನೂ ಅಲ್ಲ. ನಮ್ಮಂತೆಯೇ ಶಾಲಾ ಮಾಸ್ತರರಾಗಿದ್ದ ಗಳಗನಾಥರು (1869–1942) ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಸ್ಥಾಪನೆಯನ್ನು ಕುರಿತು 'ಮಾಧವ ಕರುಣಾ ವಿಲಾಸ'ವನ್ನು ತಾವೇ ರಚಿಸಿದರು. ಅಚ್ಚಾದ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಆ ಭಾಷೆ ಇಂದಿನ ಮಕ್ಕಳಿಗೆ ಕಬ್ಬಿಣದ ಕಡಲೆ. ಹಿರಿಯರು ಮಾತ್ರ ಒಮ್ಮೆ ಕೈಗೆತ್ತಿಕೊಳ್ಳಬೇಕು.

ಮಕ್ಕಳಿಗೆ ನಾವು ಮೊದಲು ಕೊಡುವುದು ದೇವುಡು ಅವರ 'ಮಯೂರ'. 1975ರ ಚಲನಚಿತ್ರದಿಂದಾಗಿ ಕಥೆ ಪರಿಚಿತ. ಓದು ಸಲೀಸಾಗಿ ಸಾಗುತ್ತದೆ. ಇಲ್ಲಿ ಒಂದು ಪ್ರಸಂಗವನ್ನು ಹೇಳಬೇಕು. ಹಿಂದೊಮ್ಮೆ ಎಂಟನೆಯ ಇಯತ್ತೆಯ ಹುಡುಗನೊಬ್ಬ ಇತಿಹಾಸದ ಉತ್ತರಪತ್ರಿಕೆಯಲ್ಲಿ ಮಯೂರನ ಸಂಭಾಷಣೆಗಳನ್ನೇ ಬರೆದಿಟ್ಟ. ನಾವು ಗುಣ ಕಡಿಮೆ ಮಾಡಿದೆವು. ಅವನು ಅಳುತ್ತ ಬಂದು, "ಪುಸ್ತಕ ಕೊಟ್ಟವರು ನೀವs ಅಲ್ಲೇನ್ರಿ?" ಎಂದ. ತಪ್ಪು ನಮ್ಮದೇ ಆಗಿತ್ತು. ಮರುದಿನ ತಾಳಗುಂದದ ಶಾಸನದ ಸಾರವನ್ನು ತರಗತಿಯಲ್ಲಿ ವಿವರಿಸಿದೆವು: ಮಯೂರಶರ್ಮನು ವಿದ್ಯೆಗಾಗಿ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಕಲಹವಾದದ್ದು, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದದ್ದು. ಶಾಸನ ಹೇಳುವುದು ಇಷ್ಟು. ಉಳಿದದ್ದು ಕಥೆಗಾರನ ಕಲ್ಪನೆ ಎಂದೆವು. ಮಕ್ಕಳಿಗೆ ಇದು ಕಾದಂಬರಿಗಿಂತಲೂ ರುಚಿಸಿತು! ಅಂದಿನಿಂದ ಪುಸ್ತಕದೊಡನೆ ಒಂದು ಚೀಟಿ ಕೊಡುತ್ತೇವೆ. ಕಥೆಯಲ್ಲಿ ಯಾವುದು ನಿಜವಾಗಿ ನಡೆದದ್ದೆಂದು ನಿನಗೆ ಅನ್ನಿಸುತ್ತದೆ, ಯಾಕೆ, ಎಂದು ಬರೆದು ತರಬೇಕು.

ಪ್ರೌಢಶಾಲೆಯವರಿಗೆ ತ.ರಾ.ಸು. ಅವರ ದುರ್ಗದ ಕಾದಂಬರಿಗಳು. 'ಕಂಬನಿಯ ಕುಯಿಲು' ಹಿಡಿದವನು 'ರಕ್ತರಾತ್ರಿ', 'ತಿರುಗುಬಾಣ' ಮುಗಿಸದೆ ಊಟಕ್ಕೆ ಏಳಲಾರ. ಆದರೆ ಕಪಟ, ಕೊಲೆಗಳು ಹೆಚ್ಚು; ಚಿಕ್ಕವರಿಗೆ ಅವಸರ ಬೇಡ. 1779ರಲ್ಲಿ ಹೈದರಾಲಿಗೆ ದುರ್ಗ ವಶವಾದ ಕಥೆಯಾದ 'ದುರ್ಗಾಸ್ತಮಾನ' ದೊಡ್ಡ ಗ್ರಂಥ. ಲೇಖಕರು 1984ರಲ್ಲಿ ತೀರಿಕೊಂಡ ಮೇಲೆ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮಾಸ್ತಿಯವರ 'ಚೆನ್ನಬಸವನಾಯಕ', 'ಚಿಕವೀರ ರಾಜೇಂದ್ರ'ಗಳನ್ನು ವಯಸ್ಕರಿಗೇ ಮೀಸಲಿಡುವುದು ಲೇಸು.

ನಿರಂಜನರ 'ಚಿರಸ್ಮರಣೆ'ಯನ್ನು ಮಾತ್ರ ನಾವು ಎಲ್ಲರಿಗೂ ಹೇಳುತ್ತೇವೆ. ಅದು ಕಾಸರಗೋಡಿನ ಕಡೆಯ ಕಯ್ಯೂರಿನ ರೈತರ ಕಥೆ. 1943ರ ಮಾರ್ಚ್ 29ರಂದು ಅಲ್ಲಿಯ ನಾಲ್ವರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ನಮ್ಮ ಸೊಲ್ಲಾಪುರದ ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕಿಸನ್ ಸಾರಡಾ, ಕುರ್ಬಾನ್ ಹುಸೇನರನ್ನು 1931ರ ಜನವರಿ 12ರಂದು ಯರವಡಾದಲ್ಲಿ ಗಲ್ಲಿಗೇರಿಸಿದ್ದರಷ್ಟೇ. ಹುತಾತ್ಮ ಚೌಕದಲ್ಲಿ ಬಸ್ಸಿನಿಂದ ಇಳಿಯುವ ನಮ್ಮ ಹುಡುಗರಿಗೆ ಕಯ್ಯೂರು ದೂರವೆನಿಸುವುದಿಲ್ಲ.

ಹಿರಿಯರಿಗೆ ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿಕಲ್ಯಾಣ'. ಬಿಜ್ಜಳ, ಬಸವಣ್ಣನವರ ಕಾಲವನ್ನು ಕುರಿತ ಆರು ಕಾದಂಬರಿಗಳ ಮಾಲೆಯಲ್ಲಿ ಇದು ಕೊನೆಯದು. ಆ ಕಲ್ಯಾಣ ನಮಗೆ ಪರಸ್ಥಳವಲ್ಲ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುವ ಕಾಯಕ ಮಾಡಿದ್ದು ಇದೇ ನೆಲದಲ್ಲಿ. ಸಂಕ್ರಾಂತಿಯ ಜಾತ್ರೆಗೆ ಹೋಗುವ ನಾವು ನಿಲ್ಲುವುದು ಅದೇ ಕೆರೆಯ ದಂಡೆಯ ಮೇಲೆ. ಇನ್ನೊಂದು ಸಂಗತಿ: 1964ರಲ್ಲಿ ಅಕಾಡೆಮಿಯ ಕನ್ನಡ ಪ್ರಶಸ್ತಿ 'ಕ್ರಾಂತಿಕಲ್ಯಾಣ'ಕ್ಕೂ ಮರಾಠಿ ಪ್ರಶಸ್ತಿ ರಣಜಿತ ದೇಸಾಯಿಯವರ 'ಸ್ವಾಮಿ'ಗೂ ಸಂದಿತು. ಎರಡೂ ಐತಿಹಾಸಿಕ ಕಾದಂಬರಿಗಳೇ. ಎರಡನ್ನೂ ಮೂಲದಲ್ಲಿಯೇ ಓದಬಲ್ಲ ಭಾಗ್ಯ ನಮ್ಮ ಮಕ್ಕಳಿಗಿದೆ. ಬೆಂಗಳೂರಿನವರಿಗೂ ಪುಣೆಯವರಿಗೂ ಅದು ಸುಲಭವಲ್ಲ.

ಆ ತಾಯಿಗೆ ನಾವು 'ಮಯೂರ'ವನ್ನೇ ಕೊಟ್ಟೆವು. ಸಂಜೆ ದೀಪ ಹಚ್ಚಿದ ಮೇಲೆ ಮಗನು ಗಟ್ಟಿಯಾಗಿ ಓದಲಿ, ಅಜ್ಜನವರು ಕೇಳಲಿ, ತಡವರಿಸಿದಲ್ಲಿ ಅವರೇ ತಿದ್ದುವರು ಎಂದೆವು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಕೂಡ ಮರಾಠಿ ಶಾಲೆಯಲ್ಲಿ ಓದಿದವರು, ಕನ್ನಡವನ್ನು ಆಮೇಲೆ ತಾವಾಗಿ ಕಲಿತವರು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು ಎಂಬುದನ್ನೂ ಹೇಳಿದೆವು. ಅವರು ಸುಮ್ಮನೆ ಕೇಳಿಕೊಂಡು ಹೋದರು.

ಎಂಟು ದಿನಗಳ ಮೇಲೆ ಹುಡುಗನೊಬ್ಬನೇ ಬಂದ. ಕಾದಂಬರಿ ಅರ್ಧ ಮುಗಿದಿತ್ತು. "ಅವ್ವ ಅಂಕಲಿಪಿ ಕೇಳ್ಯಾಳ್ರಿ" ಎಂದ. ಒಂದನೆಯ ಇಯತ್ತೆಯ ಕೋಣೆಯಿಂದ ತೆಗೆದುಕೊಟ್ಟೆವು.