ಸಿರಿಯೂ ಆಯುಸ್ಸೂ

ಐಶ್ವರ್ಯವಿದ್ದ ಕಡೆ ಆರೋಗ್ಯವು ತಾನಾಗಿಯೇ ಬಂದು ನೆಲಸುವುದೆಂಬ ನಂಬಿಕೆಯು ನಮ್ಮ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಇದು ಎಷ್ಟರ ಮಟ್ಟಿಗೆ ನಿಜವೆಂದು ಪರೀಕ್ಷಿಸಲು ಬಡದೇಶವನ್ನು ಸಿರಿವಂತ ದೇಶದೊಡನೆ ಹೋಲಿಸಿದರೆ ಸಾಲದು. ಸಿರಿವಂತ ದೇಶಗಳನ್ನೇ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ವೈದ್ಯಕ್ಕಾಗಿ ಜಗತ್ತಿನಲ್ಲೆಲ್ಲ ಅತ್ಯಧಿಕ ಹಣವನ್ನು ಸುರಿಯುವ ಅಮೆರಿಕಾ ಸಂಯುಕ್ತ ಸಂಸ್ಥಾನಗಳು 2022ರಲ್ಲಿ ತಮ್ಮ ಒಟ್ಟು ಉತ್ಪನ್ನದ ನೂರಕ್ಕೆ ಸುಮಾರು 17 ಪಾಲನ್ನು ಇದಕ್ಕೆ ವ್ಯಯಮಾಡಿದವು. ಅದೇ ವರ್ಷ ಅಲ್ಲಿನ ಸರಾಸರಿ ಆಯುಸ್ಸು 77.5 ವರ್ಷ. ಬಹು ಕಡಿಮೆ ವೆಚ್ಚದ ಜಪಾನಿನಲ್ಲಿ ಅದು 84ರ ಸಮೀಪದಲ್ಲಿತ್ತು. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ಅಮೆರಿಕಾದಲ್ಲಿ ಐದಕ್ಕೂ ಹೆಚ್ಚು ತೀರಿಕೊಂಡರೆ, ಜಪಾನಿನಲ್ಲಿ ಎರಡಕ್ಕೂ ಕಡಿಮೆ.

ಅಂಕಿಗಳನ್ನು ಹೋಲಿಸುವಾಗ ಎಚ್ಚರಿಕೆ ಬೇಕು. ಸಾವಿರ ಜನರಿಗೆ ವರ್ಷದಲ್ಲಿ ಎಷ್ಟು ಸಾವು ಎಂದು ಕೇಳಿದರೆ, ಜಪಾನಿನಲ್ಲಿ 2022ರಲ್ಲಿ 12ಕ್ಕೂ ಮಿಗಿಲು, ಭಾರತದಲ್ಲಿ 2020ರಲ್ಲಿ 6 ಮಾತ್ರ! ಇದನ್ನು ಕಂಡು ನಾವೇ ಅವರಿಗಿಂತ ಆರೋಗ್ಯವಂತರೆಂದು ಬೀಗುವವನು ಲೆಕ್ಕವನ್ನು ಬಲ್ಲವನಲ್ಲ. ಅಲ್ಲಿ ಮುದುಕರು ಹೆಚ್ಚು, ಇಲ್ಲಿ ಎಳೆಯರು ಹೆಚ್ಚು. ವಯಸ್ಸಿಗೆ ವಯಸ್ಸನ್ನು ಸರಿದೂಗಿಸಿದ ಮೇಲಲ್ಲವೆ ಹೋಲಿಕೆಗೆ ಅರ್ಥ? ಹಾಗೆಯೇ, ದಿನ ತುಂಬದೆ ಹುಟ್ಟಿ ಕೂಡಲೇ ತೀರಿಕೊಂಡ ಕೂಸನ್ನು ಶಿಶುಮರಣದಲ್ಲಿ ಸೇರಿಸುವ ರೀತಿ ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲ. ಆದಾಗ್ಯೂ ಇಂಥ ತಿದ್ದುಪಡಿಗಳನ್ನೆಲ್ಲ ಮಾಡಿದ ಮೇಲೂ ಅಮೆರಿಕಾದ ಹಿನ್ನಡೆ ಅಳಿಯುವುದಿಲ್ಲ.

ಆ ದೇಶದ ವಿದ್ವತ್ಸಂಸ್ಥೆಗಳೇ 2013ರಲ್ಲಿ ತಮ್ಮ ದೇಶವನ್ನು ಬೇರೆ 16 ಸಿರಿವಂತ ದೇಶಗಳೊಡನೆ ತೂಗಿ ಒಂದು ವರದಿಯನ್ನು ಪ್ರಕಟಿಸಿದವು. ಎಪ್ಪತ್ತೈದು ದಾಟಿದ ಅಮೆರಿಕನ್ನನು ಉಳಿದವರಿಗಿಂತ ಹಿಂದೆ ಬೀಳುವುದಿಲ್ಲವೆಂಬುದೂ, ತಾರುಣ್ಯದಲ್ಲಿಯೂ ನಡುಹರೆಯದಲ್ಲಿಯೂ ಸಾಯುವವರಿಂದಲೇ ಅದರ ಲೆಕ್ಕ ಕೆಡುತ್ತದೆಂಬುದೂ ಅದರಲ್ಲಿ ಸ್ಪಷ್ಟವಾಯಿತು. ಬಂದೂಕು, ಮೋಟಾರು ಅಪಘಾತ, ಮಾದಕ ವಸ್ತು, ಅತಿಬೊಜ್ಜು: ಇವು ಕಾರಣಗಳು. ಮಾದಕ ವಸ್ತುಗಳ ಅತಿಸೇವನೆಯೊಂದರಿಂದಲೇ 2021ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತರು. ಇವುಗಳಲ್ಲಿ ಯಾವುದನ್ನೂ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ತಡೆಯಲಾಗದು.

ಜಪಾನಿನ ಕಥೆಯೋ ಬೇರೆ. ಯುದ್ಧದಲ್ಲಿ ಸೋತು ಬೂದಿಯಾಗಿದ್ದ ಆ ದೇಶದಲ್ಲಿ 1947ರಲ್ಲಿ ಗಂಡಸರ ಆಯುಸ್ಸು 50, ಹೆಂಗಸರದು 54. 2023ರಲ್ಲಿ ಅವು 81 ಮತ್ತು 87. 1961ರಲ್ಲಿ ಪ್ರತಿಯೊಬ್ಬ ಪ್ರಜೆಯನ್ನೂ ವೈದ್ಯವಿಮೆಯೊಳಗೆ ತಂದರು. ನಮಗೆ ಇದಕ್ಕಿಂತ ಹೆಚ್ಚು ಬೋಧಪ್ರದವಾದದ್ದು ನಾಗಾನೊ ಎಂಬ ಬೆಟ್ಟಗಾಡಿನ ಪ್ರಾಂತ್ಯದ ವೃತ್ತಾಂತ. ಉಪ್ಪಿನಕಾಯಿಯನ್ನೂ ಉಪ್ಪಾದ ಸಾರನ್ನೂ ಯಥೇಚ್ಛವಾಗಿ ಸೇವಿಸಿ ಲಕ್ವಕ್ಕೆ ತುತ್ತಾಗುತ್ತಿದ್ದ ಜನರು ಅವರು. ಊರ ಹೆಂಗಸರೇ ಸ್ವಯಂಸೇವಕಿಯರಾಗಿ ಮನೆಮನೆಗೆ ಹೋಗಿ ಸಾರಿನ ಉಪ್ಪನ್ನು ಅಳೆದು ತಿಳಿವಳಿಕೆ ಹೇಳಿದರು. 2010ರ ಲೆಕ್ಕದಲ್ಲಿ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ದೀರ್ಘಾಯುಸ್ಸಿಗೆ ನಾಗಾನೊವೇ ಆ ದೇಶಕ್ಕೆಲ್ಲ ಮೊದಲನೆಯದಾಯಿತು.

ಇನ್ನು ನಮ್ಮ ಮನೆಯ ಮಾತು. ತಲಾ ಆದಾಯದಲ್ಲಿ ಕರ್ನಾಟಕವು ಕೇರಳಕ್ಕಿಂತ ಮುಂದೆ. ಆದರೆ 2020ರ ಮಾದರಿ ನೋಂದಣಿ ಲೆಕ್ಕದ ಪ್ರಕಾರ ಸಾವಿರ ಶಿಶುಗಳಿಗೆ ಮರಣ ಕೇರಳದಲ್ಲಿ 6, ತಮಿಳುನಾಡಿನಲ್ಲಿ 13, ನಮ್ಮಲ್ಲಿ 19. 2018ರಿಂದ 20ರವರೆಗಿನ ಲೆಕ್ಕದಲ್ಲಿ ಲಕ್ಷ ಹೆರಿಗೆಗಳಿಗೆ ಬಾಣಂತಿ ಮರಣ ಕೇರಳದಲ್ಲಿ 19, ನಮ್ಮಲ್ಲಿ 69. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ನಮ್ಮಲ್ಲಿ ನೂರಕ್ಕೆ 35. ಅಖಿಲ ಭಾರತದ ಸರಾಸರಿಯೂ ಬಹುಮಟ್ಟಿಗೆ ಅಷ್ಟೇ. ಬೆಂಗಳೂರಿನ ಐಶ್ವರ್ಯವೆಲ್ಲ ಇದರಲ್ಲಿ ಎಲ್ಲಿ ಹೋಯಿತು? ಸಿರಿವಂತರ ಸಾಲಿನಲ್ಲಿ ಅಮೆರಿಕಾ ಹೇಗೋ, ಭಾರತದ ರಾಜ್ಯಗಳ ಸಾಲಿನಲ್ಲಿ ನಾವು ಹಾಗೆ. 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಹಿಂದೆಗೆಯದ ಮೈಸೂರು ಸಂಸ್ಥಾನದ ವಾರಸುದಾರರಿಗೆ ಇದು ಶೋಭಿಸುವ ಸ್ಥಾನವಲ್ಲ.

ಈ ವೈಷಮ್ಯವನ್ನು ಕಣ್ಣಾರೆ ನೋಡಬಯಸುವ ಅಧಿಕಾರಿಗಳು ಚಳ್ಳಕೆರೆ ತಾಲ್ಲೂಕಿನ ಕುದಾಪುರಕ್ಕೆ ದಯಮಾಡಿಸಬಹುದು. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆಯ ಎರಡನೆಯ ಆವರಣವಿದೆ. ಸುತ್ತಲಿನ ಅಮೃತಮಹಲ್ ಕಾವಲುಗಳಲ್ಲಿ ರಕ್ಷಣಾ ಸಂಶೋಧನೆಗೂ ಅಣುಶಕ್ತಿಗೂ ಅಂತರಿಕ್ಷ ಸಂಸ್ಥೆಗೂ ನೆಲವನ್ನು ಕೊಡಲಾಗಿದೆ. ಆ ಹುಲ್ಲನ್ನು ನಂಬಿ ದನಕುರಿ ಸಾಕಿದವರ ವಿಚಾರ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತೆಂಬುದು ಪ್ರತ್ಯೇಕ ಚರ್ಚೆಯ ವಿಷಯ. ಇದೇ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನೂ ಮೊಣಕಾಲೂ ಬಿಗಿಯುತ್ತವೆ. ಇದರಿಂದ ಯಾರೂ ಥಟ್ಟನೆ ಸಾಯುವುದಿಲ್ಲವಾದ್ದರಿಂದ, ಮರಣದ ಲೆಕ್ಕದಲ್ಲಿ ಈ ಸಂಕಟ ಕಾಣಿಸಿಕೊಳ್ಳುವುದೇ ಇಲ್ಲ. ನಲವತ್ತರಲ್ಲಿಯೇ ಬಾಗಿದ ರೈತನು ಎಪ್ಪತ್ತರವರೆಗೆ ಬದುಕಿದರೆ ಸರ್ಕಾರದ ಪುಸ್ತಕದಲ್ಲಿ ಅವನು ಯಶಸ್ಸಿನ ಉದಾಹರಣೆ! ಶುದ್ಧ ನೀರಿನ ಘಟಕಗಳೇನೋ ಬಂದಿವೆ. ಅವು ಕೆಟ್ಟು ನಿಂತಾಗ ಜನರು ಮತ್ತೆ ಹಳೆಯ ಕೊಳವೆಬಾವಿಗೇ ಕೊಡ ಹಿಡಿಯುವರು.

ಮಾದರಿ ನೋಂದಣಿಯ ಶಿಶುಮರಣದ ಲೆಕ್ಕ ರಾಜ್ಯದ ಮಟ್ಟದಲ್ಲಿ ನಿಲ್ಲುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯವರೆಗೆ ಇಳಿದು ನಿಲ್ಲುತ್ತದೆ. ಚಳ್ಳಕೆರೆ, ಮೊಳಕಾಲ್ಮೂರುಗಳನ್ನು ಮಂಗಳೂರು, ಉಡುಪಿಗಳೊಡನೆ ತಾಲ್ಲೂಕಿಗೆ ತಾಲ್ಲೂಕಾಗಿ ತೂಗಬೇಕಾದರೆ ವಯಸ್ಸನ್ನು ಸರಿದೂಗಿಸಿದ ಪಟ್ಟಿ ಬೇಕು, ಅದರಲ್ಲಿ ಸಾವಿನೊಡನೆ ಅಂಗವೈಕಲ್ಯವೂ ಸೇರಿರಬೇಕು. ವಿಜ್ಞಾನ ಸಂಸ್ಥೆಯವರು ಕುದಾಪುರದಲ್ಲಿ ನಮ್ಮ ಶಾಲಾ ಉಪಾಧ್ಯಾಯರಿಗೆ ತರಬೇತಿ ಕೊಡುತ್ತ ಬಂದಿದ್ದಾರೆ. ಅದೇ ಉಪಾಧ್ಯಾಯರ ಕೈಗೆ ನೀರು ಪರೀಕ್ಷಿಸುವ ಪೆಟ್ಟಿಗೆಯನ್ನೂ, ಆಶಾ ಕಾರ್ಯಕರ್ತೆಯರ ಕೈಗೆ ಸಂಬಳದೊಡನೆ ಒಂದು ದಾಖಲೆ ಪುಸ್ತಕವನ್ನೂ ಕೊಡಲು ಜಿಲ್ಲಾ ಪಂಚಾಯತಿಯು ಇನ್ನೊಂದು ಆಯೋಗವನ್ನು ಕಾಯಬೇಕಾಗಿಲ್ಲ. ಪ್ರತಿ ಊರಿನ ನೀರಿನ ಅಂಕಿಯನ್ನು ಆಯಾ ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಬರೆಯಿಸುವ ಕೆಲಸವನ್ನು ಈ ಬೇಸಗೆಯೊಳಗೇ ಮುಗಿಸಬಹುದು.